ಬಾನೆಟ್ ತಣ್ಣಗಿರುವಾಗಲೇ ಬನ್ನಿ

ನವೆಂಬರ್ ಒಂಬತ್ತು, ಭಾನುವಾರ. ಬೆಳಗ್ಗೆ ಆರೂ ಮುಕ್ಕಾಲಿಗೆ ಬರೆಯಲು ಕೂತಿದ್ದೇನೆ.

ಯಾವುದನ್ನೂ ಪರೀಕ್ಷಿಸದೆ ಕೊಳ್ಳುವವರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಅಂಗಡಿಗೆ ಹೋಗುತ್ತಾರೆ, ಬೆರಳು ತೋರಿಸುತ್ತಾರೆ, ಮನೆಗೆ ತರುತ್ತಾರೆ, ಸುಖವಾಗಿರುತ್ತಾರೆ. ನನಗೆ ಆ ಭಾಗ್ಯವಿಲ್ಲ. ಬೆಂಡೆಕಾಯಿಯ ತುದಿಯನ್ನು ಎಲ್ಲರೂ ಮುರಿದು ನೋಡುತ್ತಾರೆ. ಎಷ್ಟು ಮುರಿದೆ, ಅದರಲ್ಲಿ ಎಷ್ಟು ಪಟ್ಟೆಂದಿತು ಎಂದು ಬರೆದಿಟ್ಟುಕೊಳ್ಳುವವನು ಶಿವಮೊಗ್ಗದಲ್ಲಿ ಬಹುಶಃ ನಾನೊಬ್ಬನೇ. ನವುಲೆಯ ಕಡೆ ಒಂದು ಖಾಸಗಿ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ನನ್ನ ಕೆಲಸ. ರೈತರು ಪೊಟ್ಟಣದಲ್ಲಿ ಮಣ್ಣು ಕಳಿಸುತ್ತಾರೆ, ನಾನು ಅದರಲ್ಲಿ ಹುಳಿ ಎಷ್ಟು, ಸಾರ ಎಷ್ಟು ಎಂದು ವರದಿ ಬರೆಯುತ್ತೇನೆ. ಮಣ್ಣು ಎದುರು ಮಾತಾಡುವುದಿಲ್ಲವಾದ್ದರಿಂದ ಕೆಲಸ ಬೇಗ ಸಾಗುತ್ತದೆ. ಸಂಜೆಯ ಹೊತ್ತಿಗೆ ಮಾತ್ರ, ಅದು ಒಂದೆರಡು ಮಾತಾಡಿದ್ದರೂ ಆಗುತ್ತಿತ್ತು ಅನ್ನಿಸುತ್ತದೆ. ನನ್ನ ದಿನಚರಿಯಲ್ಲಿ 'ಇಂದು ಮಾತಾಡಿದವರು' ಎಂಬ ಒಂದು ಅಂಕಣವಿದೆ. ಹಾಲಿನ ಅಂಗಡಿಯಲ್ಲಿ ಹಣ ಕಟ್ಟಿದಾಗ ಆ ಪುಟ್ಟ ಡಬ್ಬಿಯೊಳಗಿನ ಹೆಂಗಸು 'ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ' ಎನ್ನುತ್ತಾಳಲ್ಲ, ಅವಳನ್ನು ಆ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿದ್ದೇನೆ. ಕೊನೆಗೆ ಸೇರಿಸಿದೆ. ಅವಳನ್ನು ಬಿಟ್ಟರೆ ಆ ದಿನದ ಸಾಲು ಖಾಲಿ ಉಳಿಯುತ್ತಿತ್ತು.

ಹೀಗಿರಲಿಲ್ಲ ಮೊದಲು. ಎರಡು ವರ್ಷದ ಹಿಂದಿನವರೆಗೂ ಇದೇ ಮಹಡಿಯ ಮನೆಯಲ್ಲಿ ನನ್ನ ಜೊತೆ ಪ್ರವೀಣನಿದ್ದ. ರಾತ್ರಿ ಊಟ ಮಾಡುತ್ತಾ ಇಬ್ಬರೂ ಫೋನಿನಲ್ಲಿ ಒಂದೇ ಕಾರಿನ ವಿಡಿಯೊ ನೋಡುತ್ತಿದ್ದೆವು. ಕಂಪನಿಯ ಹೆಸರು ಬೇಡ. ನೋಡಲು ಸಾಧುವಾದ ಸೆಡಾನ್. ಬ್ಯಾಂಕ್ ಮ್ಯಾನೇಜರರು ಮನೆಮಂದಿಯನ್ನು ಕೂರಿಸಿಕೊಂಡು ಮದುವೆಗೆ ಹೋಗುವ ಕಾರಿನ ಹಾಗೆ. ಆದರೆ ಒಳಗೆ ಟರ್ಬೊ ಪೆಟ್ರೋಲ್ ಎಂಜಿನ್ ಇದ್ದು, ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಹೊಸದರ ಬೆಲೆಗೆ ನಮ್ಮಿಬ್ಬರ ಸಂಬಳವನ್ನು ಒಟ್ಟು ಹಾಕಿದರೂ ಸಾಲದು. ಹಳೆಯದೊಂದನ್ನು ಕೊಳ್ಳುವುದು, ನಾನು ಓಡಿಸುವುದು, ಅವನು ಎಡಗಡೆ ಕೂತು ಹಾಡು ಹಾಕುವುದು ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಪ್ರವೀಣನಿಗೆ ಮದುವೆಯಾಯಿತು. ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡ, ಏಳು ಜನ ಕೂರುವ ಕಾರು ಕೊಂಡ. ಈಗ ಅಂಥ ಸೆಡಾನಿನ ಫೋಟೊ ಕಳಿಸಿದರೆ ಹೆಬ್ಬೆರಳು ಬರುತ್ತದೆ. ಹೆಬ್ಬೆರಳನ್ನು ನಾನು ಮಾತಿನ ಲೆಕ್ಕಕ್ಕೆ ಸೇರಿಸಿಲ್ಲ.

ಎಡಗಡೆಯವನು ಹೋದರೂ ಕಾರಿನ ಆಸೆ ಹೋಗಲಿಲ್ಲ. ಆಸೆಗೆ ತಕ್ಕ ಪಟ್ಟಿಯೂ ಬೆಳೆಯಿತು. ಇಂಥ ಹಳೆಯ ಕಾರು ಕೊಳ್ಳುವಾಗ ನೋಡಬೇಕಾದ ನಲವತ್ತೊಂದು ಅಂಶಗಳು. ಎಲ್ಲವನ್ನೂ ಇಲ್ಲಿ ಬರೆದರೆ ನೀವು ಪುಟ ತಿರುವಿಬಿಡುತ್ತೀರಿ. ಮುಖ್ಯವಾದವನ್ನು ಹೇಳುತ್ತೇನೆ, ನಿಮಗೂ ಉಪಯೋಗವಾಗಬಹುದು. ಮೊದಲನೆಯದು, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ತಣ್ಣಗಿರಬೇಕು. ಕೆಲವರು ನೀವು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿಯಾಗಿಸಿ ಇಟ್ಟಿರುತ್ತಾರೆ. ತಣ್ಣಗಿದ್ದಾಗ ಬರುವ ಕಟಕಟ ಸದ್ದು ಬಿಸಿಯಾದಾಗ ಅಡಗಿಬಿಡುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಅಲ್ಲಿಂದಲೇ ನಮಸ್ಕಾರ ಹೇಳಿ ಹೊರಡಬಹುದು. ಆಯಿಲಿಗೆ ನೀರು ಸೇರಿದೆ ಎಂದರ್ಥ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗುರುತಿದೆಯೇ ನೋಡಬೇಕು, ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗೆ ಮರಳಿದೆಯೇ ನೋಡಬೇಕು. ಇದ್ದರೆ ಆ ಕಾರು ಯಾವುದೋ ಮಳೆಗಾಲದಲ್ಲಿ ಈಜಿದೆ. ಮೀಟರು ಕಡಿಮೆ ಓಡಿದೆ ಎನ್ನುತ್ತಿದ್ದು ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಪೆಡಲನ್ನು ನಂಬಿ. ಇಂಥ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ: ಹಿಂದಿನ ಮಾಲೀಕರು ಪಿಕಪ್ ಸಾಲದೆಂದು ಎಂಜಿನ್ನಿನ ಕಂಪ್ಯೂಟರನ್ನೇ ತಿದ್ದಿಸಿರುತ್ತಾರೆ. ಎಂಜಿನ್ನು ಹುರುಪಿನಲ್ಲಿ ಓಡುತ್ತದೆ, ಗೇರ್‌ಬಾಕ್ಸ್ ಅದರ ಕಷ್ಟ ಅನುಭವಿಸುತ್ತದೆ. ಅದಕ್ಕೆ ಜೋರಾಗಿ ಓಡಿಸಿ ನೋಡುವುದಕ್ಕಿಂತ ಸಂತೆಯ ಜನರ ನಡುವೆ ಹೋಗುವ ಹಾಗೆ ತೀರಾ ನಿಧಾನ ಓಡಿಸಿ ನೋಡಬೇಕು. ನಡುಗಿದರೆ ಬೇಡ. ಇನ್ನು ನಲವತ್ತನೆಯ ಅಂಶ, ಎಡಗಡೆ ಸೀಟಿನ ಬೆಲ್ಟ್ ಅಲಾರಂ. ಅಲ್ಲಿ ಯಾರಾದರೂ ಕೂತು ಬೆಲ್ಟ್ ಹಾಕದಿದ್ದರೆ ಅದು ಕೂಗಬೇಕು. ಅದಕ್ಕೆ ಅಲ್ಲಿ ಯಾರಾದರೂ ಕೂರಬೇಕು.

ಆಗಸ್ಟ್ ತಿಂಗಳ ಕೊನೆಯಲ್ಲಿ ಭದ್ರಾವತಿಯಿಂದ ಒಂದು ಜಾಹೀರಾತು ಕಂಡಿತು. ಅದೇ ಕಾರು, ಬಿಳಿ ಬಣ್ಣ, ಒಬ್ಬರೇ ಮಾಲೀಕರು. ಎಂಜಿನ್ ತಣ್ಣಗಿರಬೇಕಾದರೆ ಬೆಳಗ್ಗೆಯೇ ಹೋಗಬೇಕು. ಸ್ಕೂಟರ್ ಹತ್ತಿ ಭಾನುವಾರ ಏಳೂವರೆಗೆ ಅವರ ಮನೆಯ ಮುಂದೆ ನಿಂತೆ. ಕಾರು ಕಾಂಪೌಂಡಿನೊಳಗೆ ಶೀಟಿನ ಕೆಳಗಿತ್ತು. ಗೇಟು ತೆರೆದು ಹೋಗಿ, ಗಂಟೆ ಒತ್ತುವುದಕ್ಕೂ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟೆ.

"ಏನ್ ತಮ್ಮಾ, ಜ್ವರ ನೋಡ್ತಿದೀರಾ?"

ಬನಿಯನ್ನು, ಪಂಚೆ, ಹಣೆಯಲ್ಲಿ ಆಗಷ್ಟೇ ಇಟ್ಟ ವಿಭೂತಿ. ಇವರೇ ರುದ್ರೇಶಪ್ಪನವರು. ಪೇಟೆಯಲ್ಲಿ ಪೈಪು ಮತ್ತು ಪಂಪ್‌ಸೆಟ್ ಅಂಗಡಿ.

"ಇಲ್ಲ ಸರ್, ಎಂಜಿನ್ ತಣ್ಣಗಿದೆಯಾ ಅಂತ..."

"ತಣ್ಣಗಿರ್ದೆ ಏನು? ಗುರುವಾರದಿಂದ ಯಾರೂ ಮುಟ್ಟಿಲ್ಲ ಅದನ್ನ. ಬಿಸಿ ಇರೋದೆಲ್ಲ ಒಳಗೈತೆ. ಬನ್ನಿ, ಅಕ್ಕಿರೊಟ್ಟಿ."

ಬೇಡವೆಂದೆ. ತಿಂದು ಬಂದಿದ್ದೇನೆ ಎಂದು ಸುಳ್ಳನ್ನೂ ಹೇಳಿದೆ. ಅವರ ಶ್ರೀಮತಿ ಗಿರಿಜಮ್ಮ ಒಳಗಿನಿಂದಲೇ, "ಕಾರ್ ನೋಡೋಕೆ ಬಂದೋರು ಹಂಗೇ ಹೋದ್ರೆ ಕಾರಿಗೂ ಒಳ್ಳೇದಲ್ಲ, ಕೂತ್ಕೊಳಪ್ಪಾ," ಎಂದರು. ಕಾರಿಗೆ ಒಳ್ಳೆಯದಾಗಲೆಂದು ನಾಲ್ಕು ರೊಟ್ಟಿ ತಿಂದೆ. ಮಾರುವ ಕಾರಣವನ್ನೂ ಆ ತಾಯಿಯೇ ಹೇಳಿದರು. "ವಯಸ್ಸಿಗೆ ಬಂದ ಹುಡುಗರ ಕಾರು ಇವರಿಗ್ಯಾಕೆ ಹೇಳು? ಅಷ್ಟು ಕೆಳಗೆ ಕೂತ್ಕೊಂಡ್ರೆ ಮಂಡಿ ಹಿಡ್ಕೊಳ್ತದೆ. ಮೊನ್ನೆ ದೇವಸ್ಥಾನದ ಮುಂದೆ ಇವರನ್ನ ಎಬ್ಬಿಸೋಕೆ ಇಬ್ಬರು ಬೇಕಾಯ್ತು. ಅದರಲ್ಲಿ ಒಬ್ಬರು ಪೂಜಾರರು!"

"ಪಿಕಪ್ ಐತೆ ಕಣೇ," ಎಂದರು ರುದ್ರೇಶಪ್ಪ.

"ಕಾರಿಗೈತೆ. ನಿಮಗಿಲ್ಲ."

ಓಡಿಸಿ ನೋಡಲು ಸೋಗಾನೆಯ ವಿಮಾನ ನಿಲ್ದಾಣದ ರಸ್ತೆಗೆ ಹೋದೆವು. ಅಗಲವಾದ ರಸ್ತೆ, ವಿಮಾನದ ಹೊತ್ತು ಬಿಟ್ಟರೆ ಯಾರೂ ಇರುವುದಿಲ್ಲ. ರುದ್ರೇಶಪ್ಪನವರು 'ಶಿವಾ' ಎನ್ನುತ್ತಾ ಎಡಗಡೆ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಲಿಲ್ಲ. ಅಲಾರಂ ಕೂಗತೊಡಗಿತು. "ನನ್ನ ಕಾರು ನನಗೇ ಬುದ್ಧಿ ಹೇಳ್ತದೆ ನೋಡು," ಎಂದು ಅವರು ಗೊಣಗಿದರು. ನಾನು ಸಂತೋಷದಿಂದ ನಲವತ್ತನೆಯ ಅಂಶಕ್ಕೆ ಗುರುತು ಹಾಕಿದೆ. ದಾರಿಯುದ್ದಕ್ಕೂ ಅವರು ಮಾತಾಡಿದರು. ಕಾರು ಬಂದ ದಿನ ಗಾಜನೂರಿನ ಡ್ಯಾಮಿನವರೆಗೆ ಒಬ್ಬರೇ ಹೋಗಿದ್ದು. ಹೆಂಡತಿಗೆ ಅದರ ವೇಗ ಗೊತ್ತಾಗಬಾರದೆಂದು ಮೀಟರಿನ ಮುಂದೆ ಕರವಸ್ತ್ರ ಹಾಕುತ್ತಿದ್ದುದು. ಅಂಗಡಿಗೆ ಬರುವವರೆಲ್ಲ ಪಂಪಿನ ಎಚ್‌ಪಿ ಕೇಳುತ್ತಾರೆಯೇ ಹೊರತು ಒಬ್ಬರಾದರೂ ಕಾರಿನ ಎಚ್‌ಪಿ ಕೇಳದಿರುವುದು. "ನೀನೇ ಮೊದಲನೆಯವನು ಮಾರಾಯ, ಟರ್ಬೊ ಅಂದ್ರೆ ಅರ್ಥ ಮಾಡ್ಕೊಂಡಿದ್ದು." ರಸ್ತೆಯ ತಿರುವಿನಲ್ಲಿ ನಾನು ಬ್ರೇಕ್ ಒತ್ತುವ ಮೊದಲು ಅವರು ತಮ್ಮ ಬಲಗಾಲಿನಿಂದ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಇಳಿಯುವಾಗ ನಾನು ಎರಡೂ ಕೈ ಹಿಡಿದು ಎಬ್ಬಿಸಿದೆ. "ಮಾಲೀಕರನ್ನ ಎಬ್ಬಿಸೋದೂ ನಿನ್ನ ಪಟ್ಟಿಯಲ್ಲಿ ಐತಾ?" ಎಂದು ಕೇಳಿದರು.

ಕಾರಿನಲ್ಲಿ ದೋಷ ಒಂದೇ ಇತ್ತು. ಹಿಂದಿನ ಎಡಚಕ್ರದ ಬಳಿ, ಹಂಪು ಹತ್ತಿದಾಗ ಟಕ್ ಎನ್ನುವ ಸದ್ದು. ನಾನು ಹೇಳಿದೆ. ರುದ್ರೇಶಪ್ಪನವರ ಮುಖ ಬಾಡಿತು. "ಸರಿ ಮಾಡಿಸ್ತೀನಿ. ಮುಂದಿನ ವಾರ ಬಂದು ನೋಡ್ತೀಯಾ?" ನೋಡುತ್ತೇನೆ ಎಂದೆ. ಆ ದಿನ ಮಾತಾಡಿದವರ ಅಂಕಣದಲ್ಲಿ ಜಾಗ ಸಾಲದೆ ಪಕ್ಕದ ಅಂಚಿನಲ್ಲಿ ಬರೆದೆ.

ಮುಂದಿನ ವಾರ ಟಕ್ ಸದ್ದು ಹೋಗಿತ್ತು. ನನಗೆ ಯಾಕೋ ಸ್ವಲ್ಪ ನಿರಾಸೆಯಾಯಿತು. ಶಾವಿಗೆ ಉಪ್ಪಿಟ್ಟು ತಿನ್ನುತ್ತಾ ಯೋಚಿಸಿ, ವೈಪರ್ ಗಾಜಿನ ಮೇಲೆ ಗೀರುತ್ತದೆ ಎಂದೆ. ಅದರ ಮುಂದಿನ ವಾರ ಹೊಸ ವೈಪರ್ ಬಂದಿತ್ತು. ಏಸಿಯಲ್ಲಿ ಹಳೆಯ ಗೋಣಿಚೀಲದ ವಾಸನೆಯಿದೆ ಎಂದೆ. ಅದೂ ಹೋಯಿತು. ಕೂಲೆಂಟ್ ಡಬ್ಬಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡುಹಿಡಿದೆ, ಡಬ್ಬಿಯೇ ಬದಲಾಯಿತು. ನಮ್ಮ ಕಡೆಯವರಿಗೆ ಒಂದು ವಸ್ತು ಬೇಡ ಎಂದು ಎದುರಿಗೆ ಹೇಳಲು ಬಾಯಿ ಬರುವುದಿಲ್ಲ. ಬೇಕು ಎಂದು ಹೇಳುವುದೂ ಅಷ್ಟೇ ಕಷ್ಟ. 'ಇದೊಂದು ಸರಿಯಾದರೆ ನೋಡೋಣ' ಎಂದುಬಿಡುತ್ತೇವೆ. ಹೇಳಿದವನು ಹೇಳಿಬಿಟ್ಟು ಮರೆಯುತ್ತಾನೆ, ಕೇಳಿದವರು ಸಾಮಾನ್ಯವಾಗಿ ಇದು ಬೇಡವೆನ್ನುವ ರೀತಿ ಎಂದು ತಿಳಿದುಕೊಳ್ಳುತ್ತಾರೆ. ರುದ್ರೇಶಪ್ಪನವರು ಮಾತ್ರ ನನ್ನ ಒಂದೊಂದು 'ನೋಡೋಣ'ವನ್ನೂ ಮೆಕಾನಿಕ್ಕಿನ ಬಳಿ ಒಯ್ದು ಸರಿ ಮಾಡಿಸಿಕೊಂಡು ಬರುತ್ತಿದ್ದರು. ಮಾರಬೇಕಾದ ಕಾರಿಗೆ ಇಷ್ಟು ಖರ್ಚು ಮಾಡುವವರುಂಟೇ ಎಂದು ಗಿರಿಜಮ್ಮ ತಲೆ ಚಚ್ಚಿಕೊಂಡರು. ಮಗಳಿಲ್ಲದ ಆ ಮನೆಗೆ ಒಬ್ಬ ಹುಡುಗ ಭಾನುವಾರ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಯಾಕೆ ಬರುತ್ತಾನೆಂದು ಎದುರು ಮನೆಯವರು ಕೇಳಿದರಂತೆ. "ಕಾರನ್ನ ನೋಡೋಕೆ ಅಂದೆ. ಒಪ್ಪಿದನಾ ಅಂದ್ರು. ಇನ್ನೂ ಜಾತಕ ನೋಡ್ತಾ ಇದಾನೆ ಅಂದೆ," ಎಂದು ಗಿರಿಜಮ್ಮ ಚಟ್ನಿ ಬಡಿಸಿದರು.

ನಾಲ್ಕನೆಯ ಭಾನುವಾರ ವಾಪಸು ಬರುವಾಗ, ಸ್ಕೂಟರಿನ ಮೇಲೆ, ವಿಷಯ ನನಗೆ ಸ್ಪಷ್ಟವಾಯಿತು. ಕಾರು ಕೊಂಡರೆ ಭಾನುವಾರ ಹೋಗುತ್ತದೆ. ಕೊಳ್ಳದಿದ್ದರೆ ಭಾನುವಾರ ಉಳಿಯುತ್ತದೆ. ಎರಡು ವರ್ಷದಿಂದ ಕಾರಿಗಾಗಿ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು, ಕಾರು ಕಣ್ಣ ಮುಂದಿತ್ತು, ಆದರೂ ನನಗೆ ಬೇಕಾಗಿದ್ದುದು ಇನ್ನೊಂದು ದೋಷ. ಅಂದಿನಿಂದ ನಾನು ದೋಷಗಳನ್ನು ಜಾಣತನದಿಂದ ಖರ್ಚು ಮಾಡತೊಡಗಿದೆ. ಎರಡು ಕಂಡರೂ ಒಂದನ್ನೇ ಹೇಳುತ್ತಿದ್ದೆ. ಇನ್ನೊಂದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತಿದ್ದೆ. ಟೈರುಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ, ಯಾವ ವರ್ಷದ ಯಾವ ವಾರ ತಯಾರಾಯಿತು ಎಂದು. ಅವು ಹಳೆಯವು ಎಂದು ಮೊದಲ ದಿನವೇ ಕಂಡಿತ್ತು. ಅದನ್ನು ಕಷ್ಟಕಾಲಕ್ಕೆಂದು ಎಂಟನೆಯ ವಾರದವರೆಗೂ ಮುಟ್ಟಲಿಲ್ಲ.

ಒಂಬತ್ತನೆಯ ಭಾನುವಾರ ನಾನು ಹೋಗುವಷ್ಟರಲ್ಲಿ ಕಾಂಪೌಂಡಿನ ಮುಂದೆ ಬೇರೊಂದು ಗಾಡಿ ನಿಂತಿತ್ತು. ದಾವಣಗೆರೆಯ ಒಬ್ಬರು ಅಕ್ಕಿ ವ್ಯಾಪಾರಿ, ಚಿನ್ನದ ಕೈಚೈನು, ಮಗನಿಗೆ ಕಾರು ಬೇಕಂತೆ. ಅವರು ಹಾರ್ನ್ ಎರಡು ಸಲ ಒತ್ತಿದರು. ಏಸಿ ಹಾಕಿ ಮುಖ ಒಡ್ಡಿದರು. ಪರೀಕ್ಷೆ ಮುಗಿಯಿತು. ಬಾನೆಟ್ ಬಿಸಿಯೋ ತಣ್ಣಗೋ ಕೇಳಲೂ ಇಲ್ಲ.

"ಗಾಡಿ ಹೆಂಗೈತಿ ಯಜಮಾನ್ರೇ?"

ರುದ್ರೇಶಪ್ಪನವರು ಹೆಮ್ಮೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. "ನನ್ನನ್ನ ಯಾಕೆ ಕೇಳ್ತೀರಿ? ಈ ಹುಡುಗ ಎರಡು ತಿಂಗಳಿಂದ ನೋಡ್ತಾ ಇದಾನೆ. ಇವನು ಹೇಳಿದ್ದೆಲ್ಲ ಸರಿ ಮಾಡ್ಸಿದೀನಿ. ಟೈರು ಸೈತ ಮೊನ್ನೆ ನಾಲ್ಕೂ ಹೊಸದು."

"ಇಷ್ಟು ನೋಡಿದ ಮ್ಯಾಲೆ ನಾನು ನೋಡೋದು ಏನು ಉಳೀತು?" ಎಂದು ವ್ಯಾಪಾರಿ ಫೋನು ತೆಗೆದರು. "ಲಾಸ್ಟ್ ಎಷ್ಟು ಹೇಳ್ರಿ, ಈಗ್ಲೇ ಹಾಕ್ತೀನಿ."

ನನ್ನ ಪಟ್ಟಿಯೇ ಕಾರನ್ನು ಮಾರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲು ದೋಸೆಯ ಸೌಟು ಹಿಡಿದ ಗಿರಿಜಮ್ಮ ಬಾಗಿಲಿಗೆ ಬಂದರು. "ಇಲ್ಲ ಇಲ್ಲ, ಅದು ಮಾತಾಗೈತೆ. ಈ ಹುಡುಗ ಆಸೆ ಇಟ್ಕೊಂಡು ಅಷ್ಟು ದೂರದಿಂದ ವಾರ ವಾರ ಬರ್ತಾನೆ. ಕೊಟ್ರೆ ಇವನಿಗೇ."

ಎಲ್ಲರೂ ನನ್ನ ಮುಖ ನೋಡಿದರು. ರುದ್ರೇಶಪ್ಪನವರು ದನಿ ತಗ್ಗಿಸಿ, "ಏನಪ್ಪಾ, ತಗೋತೀಯಾ? ಬೇಡಾಂದ್ರೆ ಬೇಡ ಅನ್ನು. ಇವತ್ತು ಹೇಳಿಬಿಡು ಮಾರಾಯ," ಎಂದರು. ಬೇಡವೆಂದರೆ ಕಾರು ದಾವಣಗೆರೆಗೆ ಹೋಗುತ್ತದೆ, ಭಾನುವಾರವೂ ಅದರ ಹಿಂದೆಯೇ ಹೋಗುತ್ತದೆ. ಬೇಕೆಂದರೆ ಕಾರು ನವುಲೆಗೆ ಬರುತ್ತದೆ, ಭಾನುವಾರ ಬರುವುದಿಲ್ಲ. ನಾನು ಕಾರಿನ ಸುತ್ತ ಒಂದು ಸಲ ಬಂದೆ. ಒಂದು ಗೀರು, ಒಂದು ಸಡಿಲ ಬೋಲ್ಟು, ಏನಾದರೂ. ಏನೂ ಇರಲಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಅಷ್ಟು ನಿರ್ದೋಷಿಯಾದ ಹಳೆಯ ಕಾರು ಇನ್ನೊಂದಿರಲಾರದು.

"ತಗೋತೀನಿ," ಎಂದೆ. ಬಾಡಿದ ಮುಖದಿಂದ ತನ್ನ ಕನಸಿನ ಕಾರು ಕೊಂಡವನನ್ನು ದಾವಣಗೆರೆಯವರು ಅಂದೇ ಮೊದಲು ನೋಡಿರಬೇಕು.

ಕಾಗದಪತ್ರ ಮುಗಿದ ದಿನ ಗಿರಿಜಮ್ಮ ಬಾನೆಟ್ಟಿಗೆ ಕುಂಕುಮವಿಟ್ಟು, ಚಕ್ರಗಳಿಗೆ ನಿಂಬೆಹಣ್ಣಿಟ್ಟು, "ಬರ್ತಾ ಇರಪ್ಪಾ," ಎಂದರು. ಕೀಲಿ ಕೈಗೆ ಬಂದು ಸ್ಟೇರಿಂಗ್ ಹಿಡಿದ ಮೇಲೆ, ನಲವತ್ತೊಂದು ಅಂಶಗಳಲ್ಲಿ ಇಲ್ಲದ ಒಂದು ಅಂಶ ನೆನಪಾಯಿತು: ನಾನು ಬಂದದ್ದು ಸ್ಕೂಟರಿನಲ್ಲಿ. ಎರಡನ್ನೂ ಒಬ್ಬನೇ ಓಡಿಸಿಕೊಂಡು ಹೋಗುವಂತಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊರಟೆ. ದಾರಿಯಲ್ಲಿ ಲೆಕ್ಕ ಹಾಕಿ ಖುಷಿಪಟ್ಟೆ. ಸ್ಕೂಟರ್ ತರಲು ಭಾನುವಾರ ಬಸ್ಸಿನಲ್ಲಿ ಹೋಗಬೇಕು, ಹೋದರೆ ತಿಂಡಿ, ತಿಂಡಿಯೆಂದರೆ ಮಾತು. ಮರುದಿನ ಮಧ್ಯಾಹ್ನ ಪ್ರಯೋಗಾಲಯದ ಮುಂದೆ ಒಂದು ಗೂಡ್ಸ್ ಆಟೊ ಬಂದು ನಿಂತಿತು. ಎರಡು ಪಂಪ್‌ಸೆಟ್ಟುಗಳ ನಡುವೆ ಹಗ್ಗ ಬಿಗಿಸಿಕೊಂಡು ನನ್ನ ಸ್ಕೂಟರ್ ನಿಂತಿತ್ತು. 'ನಿನಗೆ ಮತ್ತೆ ಅಷ್ಟು ದೂರ ಬರೋ ತೊಂದರೆ ಯಾಕೆ ಅಂತ' ಎಂದು ರುದ್ರೇಶಪ್ಪನವರು ಫೋನು ಮಾಡಿದರು. ಅವರಷ್ಟು ಒಳ್ಳೆಯವರಾಗಿರಬಾರದಿತ್ತು.

ಆದರೂ ಮುಂದಿನ ಭಾನುವಾರ ಹೋದೆ, ಅದೇ ಕಾರಿನಲ್ಲಿ. ಶೀಟಿನ ಕೆಳಗೆ ಎತ್ತರದ ಹೊಸ ಗಾಡಿ ನಿಂತಿತ್ತು. ಅಭ್ಯಾಸಬಲದಿಂದ ಅದರ ಬಾನೆಟ್ ಮುಟ್ಟಿದೆ. ತಣ್ಣಗಿತ್ತು, ವಾರಂಟಿಯೂ ಇತ್ತು. ನನಗೆ ಅದರಲ್ಲಿ ಕೆಲಸವಿರಲಿಲ್ಲ. ಗಿರಿಜಮ್ಮ ಪಡ್ಡು ಹಾಕಿಕೊಟ್ಟರು. ನಾನೂ ರುದ್ರೇಶಪ್ಪನವರೂ ಜಗಲಿಯ ಮೇಲೆ ಕೂತೆವು.

"ಏನಾದ್ರೂ ತೊಂದ್ರೆ?"

"ಇಲ್ಲ ಸರ್."

"ಸದ್ದು ಗಿದ್ದು?"

"ಏನೂ ಇಲ್ಲ ಸರ್."

"ಗೇರ್ ಬದಲಾಯ್ಸುವಾಗ?"

"ಬೆಣ್ಣೆ ಸರ್."

"ಹಂಗಾದ್ರೆ ಒಳ್ಳೇದಾಯ್ತು ಬಿಡು," ಎಂದರು. ಆಮೇಲೆ ಇಬ್ಬರೂ ಬಿಳಿ ಕಾರನ್ನು ನೋಡುತ್ತಾ ಪಡ್ಡು ತಿಂದೆವು. ಮಾತಾಡಲು ಒಂದು ದೋಷವನ್ನೂ ನಾವು ಉಳಿಸಿಕೊಂಡಿರಲಿಲ್ಲ. ಒಂದು ಸುತ್ತು ಹೋಗಿ ಬರೋಣವೇ ಎಂದು ಕೇಳಿದೆ. ಅವರು ಕಾರಿನ ಎಡಗಡೆ ಬಾಗಿಲನ್ನು ನೋಡಿದರು, ತಮ್ಮ ಮಂಡಿಯನ್ನು ನೋಡಿಕೊಂಡರು, "ಬೇಡಪ್ಪಾ, ಈಗ ನಿಂದು," ಎಂದರು.

ಅಲ್ಲಿಂದ ಸೋಗಾನೆಯ ರಸ್ತೆಗೆ ಒಬ್ಬನೇ ಹೋದೆ. ಟರ್ಬೊ ಚೆನ್ನಾಗಿ ಎಳೆಯಿತು, ಬೆನ್ನು ಸೀಟಿಗೆ ಅಂಟಿತು, ತಿರುವಿನಲ್ಲಿ ಬ್ರೇಕ್ ಒತ್ತಿದ್ದು ನಾನೊಬ್ಬನೇ. ಬರುವಾಗ ಅಂಗಡಿಯಲ್ಲಿ ಹತ್ತು ಕೆಜಿ ಅಕ್ಕಿ ಕೊಂಡು ಎಡಗಡೆ ಸೀಟಿನ ಮೇಲಿಟ್ಟೆ. ಅಲಾರಂ ಕೂಗಲಿಲ್ಲ. ವಾಪಸು ಹೋಗಿ ಇಪ್ಪತ್ತೈದು ಕೆಜಿಯ ಮೂಟೆ ತಂದೆ. ಕೂಗಿತು. ನವುಲೆ ಬರುವವರೆಗೂ ಅದು ಕೂಗುತ್ತಲೇ ಇತ್ತು, ನಾನು ಬೆಲ್ಟ್ ಹಾಕಲಿಲ್ಲ. ಯಾರೋ ಕೂತಿದ್ದಾರೆ ಎಂದು ಕಾರಾದರೂ ನಂಬಿಕೊಂಡಿರಲಿ ಎಂದು ಬಿಟ್ಟೆ. ಒಬ್ಬನಿಗೆ ಆ ಅಕ್ಕಿ ಮುಂದಿನ ಯುಗಾದಿಗೂ ಮುಗಿಯುವುದಿಲ್ಲ.

ನಿನ್ನೆ ಸಂಜೆ ಒಂದು ಜಾಹೀರಾತು ಹಾಕಿದ್ದೇನೆ. ಬಿಳಿ ಸೆಡಾನ್, ಒಳ್ಳೆಯ ಸ್ಥಿತಿ, ನೋಡಲು ಭಾನುವಾರ ಬೆಳಗ್ಗೆ ಮಾತ್ರ. ಇದನ್ನು ಬರೆಯುತ್ತಿರುವಾಗಲೇ ಒಬ್ಬರು ಫೋನು ಮಾಡಿ, "ಲಾಸ್ಟ್ ಎಷ್ಟು?" ಎಂದರು. "ಅದೆಲ್ಲ ಆಮೇಲೆ ಸರ್, ಮೊದಲು ಬನ್ನಿ, ಬಾನೆಟ್ ತಣ್ಣಗಿರುವಾಗಲೇ ಬನ್ನಿ, ಉಪ್ಪಿಟ್ಟು ಮಾಡಿರ್ತೀನಿ," ಎಂದೆ. ಅವರು ಫೋನು ಇಟ್ಟುಬಿಟ್ಟರು. ಗಿರಿಜಮ್ಮನವರಿಗೆ ಬರುವ ಹಾಗೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಕಾಣುತ್ತದೆ.

ಹಳೆಯ ಸೆಡಾನುಗಳ ವಿಷಯದಲ್ಲಿ ನನ್ನ ನಲವತ್ತೊಂದು ಅಂಶಗಳಿಗಿಂತ ಹೆಚ್ಚು ತಿಳಿದವರಿದ್ದರೆ ದಯವಿಟ್ಟು ಬರೆಯಿರಿ. ಬರೆಯಲು ಬೇಸರವಾದರೆ ಖುದ್ದಾಗಿ ಬಂದು ಕಾರನ್ನೇ ನೋಡಿ ಹೇಳಬಹುದು, ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಏನೂ ದೋಷ ಸಿಗದೆ ಬೇಗ ಹೊರಟುಬಿಡುತ್ತೀರೇನೋ ಎಂಬ ಸಂಕೋಚ ಬೇಡ. ನಂಬರ್ ಪ್ಲೇಟಿನ ಒಂದು ಸ್ಕ್ರೂವನ್ನು ಈಗಷ್ಟೇ ಕೆಳಗೆ ಹೋಗಿ ಸಡಿಲ ಮಾಡಿ ಬಂದಿದ್ದೇನೆ. ನೀವು ಕಂಡುಹಿಡಿದರೆ ಮುಂದಿನ ಭಾನುವಾರದೊಳಗೆ ಸರಿ ಮಾಡಿಸಿರುತ್ತೇನೆ.